ಬಾಣ ಬಲಕ್ಕೆ, ಕೆರೆ ಎಡಕ್ಕೆ

ಥಿಂಬಲ್ ಲೇಕ್ ಸುತ್ತುಹಾದಿಯ ಪರವಾನಗಿ ಅಧಿಕಾರಿಗಳಿಗೆ,

ಮಾನ್ಯರೇ,

ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೊವರೆಗಿನ ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ಸಮುದ್ರಮಟ್ಟದಿಂದ ಒಂಬತ್ತು ಸಾವಿರ ಅಡಿ ಎತ್ತರದಲ್ಲಿ, ಒಂದು ಕಂಬಕ್ಕೆ ಎರಡು ಸ್ಕ್ರೂಗಳಿಂದ ಬಿಗಿಯಲ್ಪಟ್ಟ ಒಂದು ಅಡಿ ಉದ್ದದ ಮರದ ಬಾಣವು ಕಳೆದ ಐದು ವರ್ಷಗಳಿಂದ ಒಂದೇ ದಿಕ್ಕಿಗೆ ಕೈ ತೋರಿಸುತ್ತಾ ನಿಂತಿದೆ. ಈ ಅವಧಿಯಲ್ಲಿ ಸರ್ಕಾರಗಳು ಬದಲಾದವು, ಪೆಟ್ರೋಲಿನ ಬೆಲೆ ಬದಲಾಯಿತು, ನನ್ನ ಮಗ ಮೂರು ಸಲ ಕಾಲೇಜಿನ ಮೇಜರ್ ವಿಷಯ ಬದಲಿಸಿದ. ಬಾಣ ಬದಲಾಗಲಿಲ್ಲ. ಆ ಬಾಣದಿಂದಾಗಿ ಗುರುಶಾಂತವ್ವ ಎಂಬ ಅರವತ್ತೆಂಟು ವರ್ಷದ ಹೆಂಗಸು ನಿಮ್ಮ ಕೆರೆಯನ್ನು ಒಂದು ಸುತ್ತು ಹಾಕಲಾಗದೆ ಕಾರ್ ಪಾರ್ಕಿನಿಂದಲೇ ಹಿಂದಿರುಗಿದ್ದಾರೆ. ಅವರಿಗೆ ಉಳಿದಿರುವುದು ಇನ್ನು ಕೆಲವೇ ವಾರಗಳು. ಗಾಬರಿಯಾಗಬೇಡಿ, ಮುಗಿಯುತ್ತಿರುವುದು ಅವರ ಆಯುಷ್ಯವಲ್ಲ, ಅವರ ಬಲ ಮೊಣಕಾಲಿನದು.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಬರೆದ ಮೂರು ಅರ್ಜಿಗಳಿಗೂ ನೀವು ಓದದೆಯೇ ಉತ್ತರ ಕೊಟ್ಟಿರಿ. ಇದನ್ನೂ ಓದುವುದಿಲ್ಲ ಎಂದಾದರೆ, ಓದದಿರಲು ನಿಮಗೊಂದು ಗೌರವಯುತ ಕಾರಣವನ್ನಾದರೂ ಒದಗಿಸೋಣವೆಂದು ಈ ಏರ್ಪಾಡು.

ಮೊದಲು ಬಾಣದ ಪುರಾಣ. ಎರಡು ಸಾವಿರದ ಇಪ್ಪತ್ತರಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಆರು ಅಡಿ ದೂರವಿರಬೇಕಿದ್ದಾಗ, ಎದುರುಬದುರು ಬಂದು ಉಸಿರು ತಾಗಿಸಿಕೊಳ್ಳದಿರಲಿ ಎಂದು ನೀವು ಕೆರೆಯ ಸುತ್ತಿನ ಹಾದಿಯನ್ನು ಏಕಮುಖವಾಗಿಸಿದಿರಿ. ಒಳ್ಳೆಯ ಕೆಲಸ, ಅಂದು ಕಂಡಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಆಮೇಲೆ ಅಂಗಡಿಗಳ ನೆಲದ ಮೇಲಿನ ಪಾದದ ಗುರುತುಗಳು ಸವೆದುಹೋದವು, ಮಾಸ್ಕುಗಳು ಕಾರಿನ ಸೀಟಿನಡಿ ಸೇರಿದವು, ವ್ಯಾಧಿಯೇ ಬೇಸರವಾಗಿ ಅರ್ಧ ಹೊರಟುಹೋಯಿತು. ಬಾಣವೊಂದು ಮಾತ್ರ ಡ್ಯೂಟಿಯಲ್ಲಿದೆ. ಯಾಕೆ ತೆಗೆದಿಲ್ಲವೆಂದು ಕೇಳಿದ್ದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರ: ತೆಗೆಯಲು ಆದೇಶವಿಲ್ಲ. ಹಾಕಲು ಆದೇಶವಿತ್ತೇ ಎಂದು ಕೇಳಿದೆ. ಹುಡುಕುತ್ತಿದ್ದೇವೆ ಎಂದಿರಿ.

ಇನ್ನು ಘಟನೆ. ಕಳೆದ ಜುಲೈನಲ್ಲಿ ನಾನು, ನನ್ನ ಹೆಂಡತಿ ಸಾಜಿದಾ, ಪಕ್ಕದ ಮನೆಯ ಜಯದೇವಿ, ಅವರ ಮಗಳು ಶೀತಲ್ ಮತ್ತು ಜಯದೇವಿಯ ತಾಯಿ ಗುರುಶಾಂತವ್ವ ಬೆಳಗಿನ ಜಾವ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್ ಬಿಟ್ಟು, ಐದು ಗಂಟೆ ಡ್ರೈವ್ ಮಾಡಿ, ನಿಮ್ಮ ಕೆರೆ ತಲುಪಿದೆವು. ನಾವು ಬೆಂಗಳೂರಿನವರು, ಅವರು ವಿಜಯಪುರದ ಕಡೆಯವರು. ಹಿಮ ಕರಗಿದ ನೀರು, ಸುತ್ತ ಬೂದು ಬಂಡೆ, ಆಚೆ ದಡದ ಮೇಲೆ ಶಿಖರ. ಗುರುಶಾಂತವ್ವ ಎರಡೂ ದಡಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಡಕ್ಕೆ ಹೊರಟರು. ಬಾಣ ಬಲಕ್ಕೆ ತೋರಿಸುತ್ತಿತ್ತು. ಬಾಣದ ಪಕ್ಕದಲ್ಲಿ ನಿಮ್ಮ ಯುವ ರೇಂಜರ್ ನಿಂತಿದ್ದ.

ರೇಂಜರ್ ಸಭ್ಯ ಹುಡುಗ, ಅವನ ಮೇಲೆ ದೂರಿಲ್ಲ. ಎಲ್ಲರೂ ಬಲಗಡೆಯಿಂದಲೇ ಹೋಗಬೇಕು ಎಂದ. ಬಲಗಡೆಯಿಂದ ಹೊರಟರೆ ಕೆರೆ ಎಡಗೈಗೆ ಬರುತ್ತದೆ, ಎಡಕ್ಕಿಟ್ಟು ಸುತ್ತುವುದು ತನಗಾಗದು, ಗುಡಿಯಿರಲಿ ಕೆರೆಯಿರಲಿ ಬಲಗೈಗೇ ಇರಬೇಕು ಎಂದು ಗುರುಶಾಂತವ್ವ ವಾದಿಸಿದರು. ಈ ಧರ್ಮಸೂಕ್ಷ್ಮವನ್ನು ಇಂಗ್ಲಿಷಿಗೆ ತರುವ ಹೊಣೆ ಹದಿನೈದು ವರ್ಷದ ಶೀತಲಳ ಮೇಲೆ ಬಿತ್ತು. ಅವಳು ಒಂದು ಕಿವಿಯ ಇಯರ್‌ಬಡ್ ತೆಗೆದು, "ಶೀ ಪ್ರಿಫರ್ಸ್ ಕ್ಲಾಕ್‌ವೈಸ್" ಎಂದು ಹೇಳಿ ಮತ್ತೆ ಹಾಕಿಕೊಂಡಳು. ಪ್ರದಕ್ಷಿಣೆಗೆ ಇಷ್ಟು ಸಂಕ್ಷಿಪ್ತ ಭಾಷ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೊನೆಗೆ ಗುರುಶಾಂತವ್ವ ಒಂದು ಬಂಡೆಯ ಮೇಲೆ ಕುಳಿತರು. ಸಾಜಿದಾ ಅವರ ಜೊತೆ ಕುಳಿತಳು. ಜಯದೇವಿ ಮತ್ತು ಶೀತಲ್ ಕಾರಿನ ಹತ್ತಿರ ನೆರಳು ಹುಡುಕಿಕೊಂಡರು. ನಾನೊಬ್ಬನೇ, ಪರಿಸ್ಥಿತಿಯ ಅಧ್ಯಯನಕ್ಕೆಂದು, ಬಾಣ ಹೇಳಿದಂತೆ ಮೂರು ಮೈಲಿ ಸುತ್ತಿ ಬಂದೆ. ಇಲ್ಲಿ ನನ್ನ ಹಿತಾಸಕ್ತಿಯನ್ನು ಬಹಿರಂಗಪಡಿಸಬೇಕು. ಮಾನ್ಯರೇ, ನಿಮಗೆ ತಿಳಿಯದೆಯೇ ನಿಮ್ಮ ಬಾಣ ನಮ್ಮ ಪಕ್ಷ ವಹಿಸಿದೆ. ಮೆಕ್ಕಾದಲ್ಲಿ ನಾವು ದೇವರ ಮನೆಯನ್ನು ಸುತ್ತುವುದು ಎಡಗಡೆಗೆ ಇಟ್ಟುಕೊಂಡೇ. ನಿಮ್ಮ ಕೆರೆಯಲ್ಲಿ ನನ್ನ ಕಾಲಿಗೆ ಒಂದು ಹೆಜ್ಜೆಯೂ ಅಪರಿಚಿತ ಅನ್ನಿಸಲಿಲ್ಲ. ಆದ್ದರಿಂದ ಬಾಣ ತಿರುಗಿಸಿ ಎಂದು ಕೇಳುವುದರಿಂದ ನನಗೆ ಕಾಸಿನ ಲಾಭವಿಲ್ಲ, ನಷ್ಟವೇ.

ಮನೆಗೆ ಬಂದವನು ಗುರುಶಾಂತವ್ವನ ಪರ ವಕಾಲತ್ತು ವಹಿಸಿ, ಧಾರ್ಮಿಕ ವಿನಾಯಿತಿಗೆ ಅಪ್ಲೈ ಮಾಡಿದೆ. ನಿಮ್ಮ ಫಾರಂ ನೋಡಿ ಬೆರಗಾದೆ. ಏಕಮುಖ ನಿಯಮದಿಂದ ವಿನಾಯಿತಿ ಬೇಕಾದವರು ಟಿಕ್ ಮಾಡಲು ಅದರಲ್ಲಿ ಮೂರೇ ಚೌಕಗಳಿವೆ: ಮದುವೆ, ಸಿನಿಮಾ ಶೂಟಿಂಗ್, ಪರ್ವತಾರೋಹಣ. ಅಂದರೆ ಮದುಮಗಳು ಹಿಮ್ಮುಖವಾಗಿ ನಡೆದರೆ ಸೋಂಕು ಹರಡುವುದಿಲ್ಲ, ನಟನ ಉಸಿರು ಆರು ಅಡಿಗೆ ಮೊದಲೇ ನಿಲ್ಲುತ್ತದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನಿಗೆ ದಿಕ್ಕಿನ ಹಂಗಿಲ್ಲ. ಸುಮ್ಮನೆ ನಡೆಯುವವರಿಗೆ ಮಾತ್ರ ಬಾಣ. ನಾನು ಅಂಚಿನಲ್ಲಿ ನಾಲ್ಕನೆಯ ಚೌಕ ಬರೆದು, ಟಿಕ್ ಮಾಡಿ, ಪ್ರದಕ್ಷಿಣೆಯ ಮಹತ್ವದ ಬಗ್ಗೆ ಮೂರು ಪುಟ ಲಗತ್ತಿಸಿದೆ. ಹನೀಫ್ ಎಂಬ ಹೆಸರಿನಲ್ಲಿ ಅಂಥ ಮೂರು ಪುಟ ಬರೆಯಲು ಎಷ್ಟು ಓದಬೇಕಾಯಿತೆಂದು ನಿಮಗೇನು ಗೊತ್ತು. ಪಕ್ಕದೂರು ಕ್ಯಾಲಬಾಸಸ್ಸಿನ ದೇವಸ್ಥಾನದ ಅರ್ಚಕರು ಈಗ ನನ್ನನ್ನು ಕಂಡರೆ ತಾವೇ ಪ್ರಶ್ನೆ ಕೇಳುತ್ತಾರೆ. ನಿಮ್ಮ ಉತ್ತರ ಒಂದೇ ಸಾಲು: ಅರ್ಜಿದಾರರು ಬೇರೊಂದು ಕೆರೆಯನ್ನು ಪರಿಶೀಲಿಸಬಹುದು.

ಈ ಉತ್ತರವನ್ನು ಓದಿ ಹೇಳಲು ಅವರ ಮನೆಗೆ ಹೋದಾಗ ಗುರುಶಾಂತವ್ವ ಒಬ್ಬರೇ ಇದ್ದರು. ನನ್ನ ಮೂರು ಪುಟಗಳ ಸಾರಾಂಶವನ್ನು ತಾಳ್ಮೆಯಿಂದ ಕೇಳಿ, ಕೊನೆಗೆ ತಮ್ಮ ಬಲ ಮೊಣಕಾಲನ್ನು ಕೈಯಿಂದ ಎತ್ತಿ ಸ್ಟೂಲಿನ ಮೇಲಿಟ್ಟರು.

"ಹನೀಫಪ್ಪಾ, ಖರೆ ಹೇಳ್ತೀನಿ ಕೇಳು. ದೇವರ ಮಾತು ಸುಳ್ಳಲ್ಲ. ಆದ್ರ ಆ ಕಡೆ ಕಲ್ಲಿನ ಮೆಟ್ಲ ಅದಾವಲ್ಲ, ಅಲ್ಲಿಂದ ಇಳಿಯಾಕ ನನ್ನ ಕೈಲಾಗೂದಿಲ್ಲ. ಹತ್ತತೀನಿ, ಇಳಿಯಾಕ ಆಗೂದಿಲ್ಲ. ಕಾಲ್ ನೂಸ್ತಾವು ಅಂದಿದ್ರ ಜಯದೇವಿ ನನ್ನ ಕಾರಿನ್ಯಾಗ ಹಾಕಿ ಬಾಗ್ಲಾ ಹಾಕ್ತಿದ್ಲು. ದೇವರ ಹೆಸರು ಹೇಳಿದ್ರ ಯಾರೂ ಕಾಲಿನ ಸುದ್ದಿ ಕೇಳೂದಿಲ್ಲ."

ನಾನು ಆ ಮೆಟ್ಟಿಲುಗಳನ್ನು ಇಳಿದವನು. ನೂರಾ ಎಂಬತ್ತು, ಮೊಣಕಾಲೆತ್ತರದವು, ಕೆರೆಯ ಪಶ್ಚಿಮ ದಡದಲ್ಲಿ. ಬಾಣದಂತೆ ಹೋದರೆ ಪೂರ್ವದ ಇಳಿಜಾರಿನಲ್ಲಿ ಆರಾಮವಾಗಿ ಏರಿ, ಕೊನೆಗೆ ಇವುಗಳಲ್ಲಿ ಇಳಿಯಬೇಕು. ಗುರುಶಾಂತವ್ವನಂತೆ ಹೋದರೆ ಇವುಗಳನ್ನು ಹತ್ತಿ, ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯಬಹುದು. ಕಾರ್ ಪಾರ್ಕಿನಿಂದ ಒಮ್ಮೆ ಕಣ್ಣಾಡಿಸಿಯೇ ಅವರು ಹಾದಿಯನ್ನು ಓದಿದ್ದರು. ಐದು ವರ್ಷ ಅದೇ ಹಾದಿಯನ್ನು ಆಳಿದ ನಿಮಗೂ, ಅದರ ಮೇಲೆ ನಡೆದು ಮೂರು ಪುಟ ಬರೆದ ನನಗೂ ಅದು ಹೊಳೆದಿರಲಿಲ್ಲ.

ಅಕ್ಟೋಬರ್ ಇಪ್ಪತ್ತರಂದು ಅವರ ಬಲಗಾಲಿನ ಮೊಣಕಾಲು ಬದಲಿಸುವ ಆಪರೇಷನ್. ಹೊಸ ಮೊಣಕಾಲು ಬಂದ ಮೇಲೆ ಮುಂದಿನ ಬೇಸಿಗೆಗೆ ಹೋದರಾಯಿತಲ್ಲ ಅಮ್ಮ, ಎಂದೆ. ನೀವೂ ಅದನ್ನೇ ಹೇಳುವಿರಿ ಎಂದು ಗೊತ್ತಿರುವುದರಿಂದ ಅವರ ಉತ್ತರವನ್ನು ಹಾಗೆಯೇ ಇಡುತ್ತೇನೆ.

"ಅದು ಬ್ಯಾರೆಯವರ ಕಾಲಪ್ಪಾ, ಅದು ಬೇಕಾದ್ರ ಮುಂದ ನೋಡ್ಲಿ. ಈ ಕಾಲು ಅರವತ್ತೆಂಟು ವರ್ಷ ನನ್ನ ಹೊತ್ತೈತಿ. ಹೊಲಾ ನೋಡೇತಿ, ಅಡಗಿಮನಿ ನೋಡೇತಿ. ಕಳಿಸೂಕಿಂತ ಮೊದಲ ಒಂದ ಚಲೋ ಜಾಗಾ ತೋರಿಸಬೇಕೋ ಬ್ಯಾಡೋ?"

ಮಾನ್ಯರೇ, ನಿಮ್ಮ ಫಾರಂನಲ್ಲಿ ಇದಕ್ಕೊಂದು ಚೌಕವಿಲ್ಲ. ಡಾಕ್ಟರು ಆಪರೇಷನ್ನಿಗೆ ಮುಂಚೆ ನಡೆದಷ್ಟೂ ಒಳ್ಳೆಯದು ಎಂದಿದ್ದಾರೆ, ಇಳಿಯುವಾಗ ಮಾತ್ರ ಜೋಪಾನ ಎಂದಿದ್ದಾರೆ. ಜಯದೇವಿಗೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟು, ಮೂರನೆಯ ದಿನ ಆಫೀಸಿಗೆ ರಜೆ ಹಾಕಿ ಬಂದು, ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದರು. ಉಳಿದಿರುವ ಅಡ್ಡಿ ನೀವೊಬ್ಬರೇ. ಅಕ್ಟೋಬರ್ ನಡುವಿಗೆ ಹಿಮ ಬಿದ್ದು ರಸ್ತೆ ಮುಚ್ಚುತ್ತದೆಂದು ನಿಮ್ಮದೇ ಫಲಕ ಹೇಳುತ್ತದೆ.

ಆದ್ದರಿಂದ ಪ್ರದಕ್ಷಿಣೆ ಕುರಿತ ನನ್ನ ಮೂರು ಪುಟಗಳನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಬಾಣ ಕಿತ್ತುಹಾಕಿ ಎಂದೂ ಕೇಳುವುದಿಲ್ಲ, ಆದೇಶ ಸಿಗುವವರೆಗೆ ಅದು ಅಲ್ಲೇ ಇರಲಿ. ನನ್ನ ಬೇಡಿಕೆ ಒಂದೇ: ಅಕ್ಟೋಬರ್ ಹನ್ನೊಂದು, ಶನಿವಾರ ಗುರುಶಾಂತವ್ವನವರನ್ನು ಪರ್ವತಾರೋಹಿ ಎಂದು ದಾಖಲಿಸಿ, ಎಡಗಡೆಯಿಂದ ಹೊರಡಲು ಪರವಾನಗಿ ಕೊಡಿ. ನೂರಾ ಎಂಬತ್ತು ಮೆಟ್ಟಿಲನ್ನು ಆ ಮೊಣಕಾಲಿನಲ್ಲಿ ಹತ್ತುವವರು ಪರ್ವತಾರೋಹಿಯಲ್ಲದಿದ್ದರೆ ಮತ್ಯಾರು? ನಿಯಮದಂತೆ ಸೊಂಟಕ್ಕೆ ಹಗ್ಗವಿರುತ್ತದೆ. ಒಂದು ತುದಿ ಅವರಿಗೆ, ಇನ್ನೊಂದು ತುದಿ ಸಾಜಿದಾಳಿಗೆ. ಯಾರು ಯಾರನ್ನು ಎಳೆಯುತ್ತಾರೆಂಬುದು ಅಲ್ಲಿ ತೀರ್ಮಾನವಾಗಲಿ.

ಒಂದು ಸಣ್ಣ ಉಪಕಾರ ಮಾತ್ರ ಬೇಕು. ಪರ್ವತಾರೋಹಿಗಳಿಗೆ ಹೆಲ್ಮೆಟ್ ಕಡ್ಡಾಯ ಎಂದು ನಿಮ್ಮ ಫಾರಂ ಹೇಳುತ್ತದೆ. ನಮ್ಮಲ್ಲಿರುವ ಹೆಲ್ಮೆಟ್ ಅವರ ತುರುಬಿನ ಮೇಲೆ ಕೂರುತ್ತಿಲ್ಲ, ತುರುಬು ಬಿಚ್ಚಲು ಅವರು ಒಪ್ಪುತ್ತಿಲ್ಲ. ಕಚೇರಿಯಲ್ಲಿ ದೊಡ್ಡ ಅಳತೆಯದು ಒಂದಿದ್ದರೆ, ಆ ದಿನ ಬೆಳಿಗ್ಗೆ ಹತ್ತರೊಳಗೆ ಗೇಟಿನ ಹತ್ತಿರ ಇಡಿಸಿರಿ. ಸಂಜೆ ಒರೆಸಿ ವಾಪಸ್ ಕೊಡುತ್ತೇವೆ.

ಇಂತಿ,
ಹಗ್ಗವನ್ನು ಆಗಲೇ ಕೊಂಡು ತಂದಿಟ್ಟಿರುವ,
ಹನೀಫ್
ವುಡ್‌ಲ್ಯಾಂಡ್ ಹಿಲ್ಸ್