‘ಮುಕೋಟಿ’ ತಾನಾಗಿ ಆದದ್ದಲ್ಲ

ವುಸಕಿಲೆ, ಕಿಟ್ವೆ
೧೪ ಜುಲೈ ೨೦೧೯

ಪ್ರೀತಿಯ ಮಗಳು ಲುಸೆಗೆ,

ನಿನ್ನ ಕಬಾಸೊ ಚಿಕ್ಕಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಆರು ವಾರವಾಯಿತು. ಮಂಡಿನೋವು, ಕರೆಂಟಿಲ್ಲ, ಕನ್ನಡಕದ ಕಡ್ಡಿ ಮುರಿದಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕಾಲ ತಳ್ಳಿದೆ. ಎಲ್ಲವೂ ನಿಜವೇ, ಆದರೆ ತಡವಾದದ್ದು ಅದರಿಂದಲ್ಲ. ಕ್ಷಮಿಸು.

ನಿನ್ನ ಐರೀನ್ ಚಿಕ್ಕಮ್ಮ ಚೆನ್ನಾಗಿದ್ದಾಳೆ. ಹಿತ್ತಿಲಲ್ಲಿ ಗೆಣಸಿನ ಸೊಪ್ಪು ಹುಲುಸಾಗಿದೆ. ದಿನಾ ಅದಕ್ಕೆ ಕಡಲೆಕಾಯಿ ಪುಡಿ ಹಾಕಿ ಬೇಯಿಸಿ ನ್ಶಿಮಾ ಮುದ್ದೆಯ ಜೊತೆ ಬಡಿಸುತ್ತಾಳೆ. ನಾನು ಗೊಣಗುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತೇನೆ. ಮೋಂಗುವಿನಲ್ಲಿ ನಿನಗೆ ಹೊಳೆಯ ಹಸಿಮೀನು ಸಿಗುತ್ತದೆಂದು ಅವಳಿಗೆ ಹೊಟ್ಟೆಕಿಚ್ಚು.

‘ಲುಸಾಕದ ಸಭೆಯಲ್ಲಿ ಚಿಕ್ಕಪ್ಪ ಜಗಳ ತೆಗೆದರಂತೆ, ನಿಜವೇ?’ ಎಂದು ಕೇಳಿದ್ದೀಯ. ನಿಜ. ಈ ವಯಸ್ಸಿನಲ್ಲಿ ತೆಗೆಯದಿದ್ದರೆ ಇನ್ನು ಯಾವಾಗ? ನಿನಗೆ ಗೊತ್ತಿರುವ ಸಂಗತಿಯನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ನಿನ್ನ ಮಕ್ಕಳೂ ಓದಲಿ.

ನಾವು ‘ಮುಕೋಟಿ’ಯನ್ನು ರೆಕಾರ್ಡು ಮಾಡಿದ್ದು ೧೯೭೫ರಲ್ಲಿ. ನಿನ್ನಪ್ಪ ಸಿಲ್ವೆಸ್ಟರನದು ಗಿಟಾರು, ಅವನ ಗೆಳೆಯನಾದ ನನ್ನದು ಡ್ರಮ್ಮು, ಜೊತೆಗೆ ಇನ್ನಿಬ್ಬರು. ನಾಲ್ವರೂ ತಾಮ್ರದ ಗಣಿ ಕಾರ್ಮಿಕರ ಮಕ್ಕಳು. ಅದಕ್ಕೇ ಗಾನತಟ್ಟೆಗೆ ನಮ್ಮ ಬೆಂಬಾ ಮಾತಿನಲ್ಲಿ ‘ಗಣಿ’ ಎಂದೇ ಹೆಸರಿಟ್ಟೆವು. ಅದು ಹೊರಬಂದ ವಾರವೇ ಪೇಪರಿನಲ್ಲಿ ಕಟೋಂಗೊ ಎಂಬ ಮಹಾಶಯ ಬರೆದ: ‘ಗಣಿಯ ಸೈರನ್ನಿಗೂ ಈ ತಟ್ಟೆಗೂ ಒಂದೇ ವ್ಯತ್ಯಾಸ, ಸೈರನ್ನು ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಗಿಟಾರು ಶ್ರುತಿ ಮಾಡಲೂ ಬಾರದವರು ಬಿಳಿಯರ ಗದ್ದಲವನ್ನು ನಕಲು ಮಾಡಿದ್ದಾರೆ.’

ನಾನು ಆ ಪೇಪರನ್ನು ಒಲೆಗೆ ಹಾಕಲು ಹೊರಟೆ. ನಿನ್ನಪ್ಪ ಕಿತ್ತುಕೊಂಡ. ಆ ತುಣುಕನ್ನಷ್ಟೇ ಕತ್ತರಿಸಿ ಗಿಟಾರಿನ ಬೆನ್ನಿಗೆ ಅಂಟಿಸಿದ. “ನನ್ನ ಬೆವರಿಗೆ ಇದು ಅಳಿಸಿ ಹೋಗೋವರೆಗೂ ಬಾರಿಸ್ತೀನಿ ಕಣೋ” ಅಂದ. ಒಂದು ವರ್ಷದಲ್ಲಿ ಒಂದಕ್ಷರವೂ ಉಳಿಯಲಿಲ್ಲ. ಚಿಂಗೋಲದಲ್ಲಿ, ಲುವಾಂಶ್ಯದಲ್ಲಿ, ಎಲ್ಲಿ ಬಾರಿಸಿದರೂ ಜನ ಕುರ್ಚಿ ಸರಿಸಿ ಕುಣಿದರು. ಆಮೇಲೆ ತಾಮ್ರದ ಬೆಲೆ ಕುಸಿಯಿತು, ಕ್ಲಬ್ಬುಗಳು ಮುಚ್ಚಿದವು, ‘ಮುಕೋಟಿ’ಯನ್ನು ಜನ ಮರೆತರು. ನಾನು ನಿನ್ನ ತಾತನ ಹಾಗೆಯೇ ಗಣಿಗಿಳಿದೆ.

ನಲವತ್ತು ವರ್ಷದ ಮೇಲೆ ಹಾಲೆಂಡಿನಿಂದ ಮಾರ್ಟೆನ್ ಎಂಬಾತ ಹುಡುಕಿಕೊಂಡು ಬಂದ. ಒಳ್ಳೆಯವನು. ‘ಮುಕೋಟಿ’ಯನ್ನು ಮತ್ತೆ ಅಚ್ಚು ಹಾಕಿಸಿದ, ಜೊತೆಗೆ ಎಂಟು ಪುಟ ತಾನೇ ಬರೆದ. ಅಲ್ಲಿನ ಪತ್ರಿಕೆಗಳೆಲ್ಲ ‘ಮೇರುಕೃತಿ’ ಎಂದವಂತೆ. ಮೇ ತಿಂಗಳಲ್ಲಿ ಲುಸಾಕದಲ್ಲಿ ಒಂದು ಮಧ್ಯಾಹ್ನ ಸಭೆ ಇಟ್ಟು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಆತ ತನ್ನ ಬರಹ ಓದಿದ. ‘ಶ್ರುತಿಯ ಪರಿವೆಯೇ ಇಲ್ಲದ ಈ ಮುಗ್ಧ ಯುವಕರಿಂದ, ಅವರಿಗೇ ಗೊತ್ತಿಲ್ಲದೆ, ಒಂದು ಮಹತ್ತಾದ ಕೃತಿ ತಾನಾಗಿ ಹುಟ್ಟಿತು.’ ಸಭೆ ಚಪ್ಪಾಳೆ ತಟ್ಟಿತು.

ಲುಸೆ, ಕಟೋಂಗೊ ಉಗಿದಾಗಲೂ ನನಗೆ ಅಷ್ಟು ಉರಿದಿರಲಿಲ್ಲ. ನಾನು ಎದ್ದು ನಿಂತೆ.

“ಕೂತ್ಕೊಳ್ಳಿ ಅಜ್ಜ, ನಿಮ್ಮ ಸರದಿ ಆಮೇಲೆ” ಎಂದಳು ಪಕ್ಕದ ಹೆಂಗಸು.

“ನಲವತ್ತನಾಲ್ಕು ವರ್ಷ ಕೂತಿದ್ದೆ ತಾಯಿ, ಸೊಂಟ ಹಿಡ್ಕೊಂಡಿದೆ” ಎಂದೆ. ಸಭೆ ನಕ್ಕಿತು. ನಾನು ನಗಲಿಲ್ಲ.

ಮಾರ್ಟೆನ್ ಕೆಂಪಗಾದ. “ಸರ್, ನಾನು ಹೊಗಳಿಯೇ ಬರೆದಿದ್ದೀನಿ.”

“ಹೊಗಳಿದ್ದೀಯಪ್ಪ, ಕೂಸು ಮೊದಲ ಸಲ ಹೆಜ್ಜೆ ಇಟ್ರೆ ಹೊಗಳೋ ಹಾಗೆ. ನಮಗೆ ಏನು ಗೊತ್ತಿರಲಿಲ್ಲ, ಹೇಳು.”

“ಮೂರನೇ ತಂತಿ ತಟ್ಟೆಯುದ್ದಕ್ಕೂ ಸ್ವಲ್ಪ ಇಳಿದಿದೆ, ಸರ್. ಅದೇ ಅದರ ಸೊಗಸು.”

“ಇಳಿದಿರೋದಲ್ಲ, ಇಳಿಸಿದ್ದು.”

ಆಮೇಲೆ ನಿನ್ನ ಅಜ್ಜಿಯ ಸಂಗತಿ ಹೇಳಿದೆ. ಗಣಿಯೊಳಗೆ ಬಂಡೆ ಉರುಳಿ ನಿನ್ನ ತಾತ ಸತ್ತಾಗ ಅಜ್ಜಿ ಮೂರು ದಿನ ಹಾಡಿಕೊಂಡು ಅತ್ತರು. ಆ ಅಳುವಿನ ಒಂದು ಸ್ವರ ಯಾವ ಗಿಟಾರಿನಲ್ಲೂ ಇಲ್ಲ, ಎರಡು ಮನೆಗಳ ಸಂದಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ರೆಕಾರ್ಡಿಗೆ ಮೊದಲು ನಿನ್ನಪ್ಪ ಅಜ್ಜಿಯನ್ನು ಅಡುಗೆಮನೆಯಲ್ಲಿ ಕೂರಿಸಿ, “ಇನ್ನೊಂದ್ಸಲ ಅಮ್ಮ” ಎನ್ನುತ್ತ ಹಾಡಿಸಿದ. “ಸತ್ತೋರ ಹಾಡು ಸುಮ್ಸುಮ್ನೆ ಹಾಡ್ಬಾರ್ದು ಕಣೋ” ಎಂದು ಬೈಯುತ್ತಲೇ ಹಾಡಿದರು ಅವರು. ಇವನು ಗಿಟಾರಿನ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೇಳಿ, ಮತ್ತೆ ತಿರುಗಿಸಿ, ಆ ತಂತಿಯಲ್ಲಿ ತಾಯಿಯ ಕಂಠವನ್ನು ಕೂರಿಸಿದ. ಹದಿನೇಳು ದಿನ ಹಿಡಿಯಿತು. ಉಳಿದ ವಾದ್ಯಗಳನ್ನೆಲ್ಲ ಅದಕ್ಕೆ ಹೊಂದಿಸಿದೆವು. ನನ್ನ ಡ್ರಮ್ಮಿನ ಚರ್ಮವನ್ನೂ ಸಡಿಲಿಸಿದ ಅವನು.

ಮಾರ್ಟೆನ್ ನಂಬಿದನೋ ಇಲ್ಲವೋ ತಿಳಿಯದು. ವೇದಿಕೆಯಲ್ಲಿ ತಂಡಿವೆ ಎಂಬ ಹುಡುಗಿ ಗಿಟಾರು ಹಿಡಿದು ನಿಂತಿದ್ದಳು. ಈಗಿನ ಮಕ್ಕಳು ನಮ್ಮ ಹಾಡುಗಳನ್ನು ಬಾರಿಸುತ್ತಾರೆ, ಗೊತ್ತೇ? ಸ್ವಲ್ಪ ಮೊದಲು ಅವಳು ನಮ್ಮದನ್ನೇ ಬಾರಿಸಿದ್ದಳು, ಅಚ್ಚುಕಟ್ಟಾಗಿ, ಜೀವವಿಲ್ಲದೆ.

“ಮೂರನೇ ತಂತಿ ಇಳಿಸು ಮಗಳೇ” ಎಂದೆ.

“ಎಷ್ಟು ಅಜ್ಜ?”

“ನಾನು ಹಾಡ್ತೀನಿ. ಸಿಕ್ಕಿದಾಗ ನಿಲ್ಸು.”

ನನ್ನ ಕಂಠ ನಿನಗೆ ಗೊತ್ತೇ ಇದೆ, ತುಕ್ಕು ಹಿಡಿದ ಚಿಲಕ. ಆದರೂ ಅಜ್ಜಿಯ ಆ ಸಾಲನ್ನು ಹಾಡಿದೆ. ಅವಳು ತಿರುಗಿಸಿ ತಿರುಗಿಸಿ ಒಂದು ಕಡೆ ನಿಂತಳು. ಬಾರಿಸಿದಳು. ಹಿಂದಿನ ಸಾಲುಗಳಲ್ಲಿದ್ದ ನಮ್ಮ ಕಡೆಯ ಮುದುಕಿಯರು ಸಾವಿನ ಮನೆಯಲ್ಲಿ ಹೊರುವ ಹಾಗೆ ತಲೆಯ ಮೇಲೆ ಕೈ ಹೊತ್ತುಕೊಂಡರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಮಾರ್ಟೆನ್ ನನ್ನ ಬಳಿ ಬಂದು ಕೂತ. “ಹಾಗಾದ್ರೆ ನಾನೇನು ಬರೀಲಿ ಸರ್?”

“ನೀನು ಬರೀಬೇಡ. ನಾನು ಬರೀತೀನಿ, ನೀನು ಅಚ್ಚು ಹಾಕ್ಸು. ಒಂದು ಪದ ತೆಗೆದ್ರೂ ನನ್ನ ಹೆಸರನ್ನೂ ತೆಗಿ.”

ಒಪ್ಪಿದ. ಮುಂದಿನ ಮುದ್ರಣದಲ್ಲಿ ಅವನ ಆ ಸಾಲು ಇರುವುದಿಲ್ಲ, ನನ್ನ ಒಂದು ಪುಟ ಇರುತ್ತದೆ. ನಿನ್ನಪ್ಪನ ಹೆಸರಿನ ಮುಂದೆ ‘ಮುಗ್ಧ’ ಎಂದು ಯಾರಾದರೂ ಬರೆದರೆ ಆ ಪುಟವನ್ನು ಅವರ ಮುಖಕ್ಕೆ ಹಿಡಿ. ಕಟೋಂಗೊ ಇನ್ನೂ ಬದುಕಿದ್ದರೆ ಅವನಿಗೂ ಒಂದು ಪ್ರತಿ ಕಳಿಸುತ್ತಿದ್ದೆ.

ನೀನೂ ನಿನ್ನ ಮಕ್ಕಳೂ ತಲೆಯೆತ್ತಿ ಬಾಳಿ. ದೇವರು ನಿಮ್ಮ ಒಲೆಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ಚಿಕ್ಕಪ್ಪ,
ಕಬಾಸೊ

ಬರೆದು ಮುಗಿಸಿದ ಮೇಲೆ: ನನ್ನ ಪುಟದ ಕೆಳಗೆ ಮಾರ್ಟೆನ್ ನನ್ನ ಬಗ್ಗೆ ಒಂದು ಸಾಲು ಸೇರಿಸಿದ್ದ, ‘ಸಿಲ್ವೆಸ್ಟರನ ಕೊನೆಯುಸಿರಿನವರೆಗೂ ಜೊತೆಗಿದ್ದ ಗೆಳೆಯ’ ಎಂದು. ಹೊಡೆದುಹಾಕಿದೆ. ಯಾಕೆಂದು ಕೇಳಿದ, ಹೇಳಲಿಲ್ಲ. ನಿನಗೆ ಹೇಳಬೇಕು. ಅದಕ್ಕೇ ಆರು ವಾರ ಹಿಡಿಯಿತು.

ಆಸ್ಪತ್ರೆಯಿಂದ ನಿನ್ನಪ್ಪ ನನಗೆ ಮೂರು ಸಲ ಹೇಳಿ ಕಳಿಸಿದ. ಆ ಕಾಯಿಲೆಯ ಹೆಸರೆತ್ತಲೂ ಜನ ಹೆದರುತ್ತಿದ್ದ ಕಾಲ ಅದು. ಉಸಿರು ತಾಗಿದರೂ ಬರುತ್ತದೆ ಎನ್ನುತ್ತಿದ್ದರು. ಒಮ್ಮೆ ಕಿತ್ತಳೆ ಹಿಡಿದು ವಾರ್ಡಿನ ಬಾಗಿಲವರೆಗೆ ಹೋದೆ. ಮಂಚದ ಮೇಲೆ ಅವನನ್ನು ಕಂಡೆ. ಅವನು ನನ್ನನ್ನು ಕಂಡನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಹಣ್ಣನ್ನು ಕಾವಲುಗಾರನ ಕೈಗಿತ್ತು ಹಿಂತಿರುಗಿದೆ. ಅವನು ಹೋದ ದಿನ ನೀನು ಮೆಟ್ಟಿಲ ಮೇಲೆ ಕೂತು, ಏಳು ವರ್ಷದವಳು, “ಅಪ್ಪ ಕೊನೇಲಿ ಏನಂದ್ರು?” ಎಂದು ಕೇಳಿದೆ. “ಲುಸೆನ ಚೆನ್ನಾಗಿ ಓದಿಸು ಅಂದ” ಎಂದೆ. ನೀನು ಟೀಚರಾದ ದಿನ ಆ ಮಾತನ್ನೇ ಎಲ್ಲರೆದುರು ಹೇಳಿ ಅತ್ತೆ.

ಅದು ನನ್ನ ಮಾತು, ಅವನದಲ್ಲ. ಅವನ ಪಕ್ಕದಲ್ಲಿದ್ದದ್ದು ಅಜ್ಜಿ ಒಬ್ಬರೇ. ನಾನು ನಿನಗೆ ಸುಳ್ಳು ಹೇಳುವಾಗ ಅವರು ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ತಿದ್ದಲಿಲ್ಲ. ಅವರೂ ಹೋದರು. ನಿನ್ನಪ್ಪ ಏನಂದನೋ ಈಗ ಯಾರಿಗೂ ಗೊತ್ತಿಲ್ಲ ಲುಸೆ. ಬೈದಾದರೂ ಸರಿ, ಒಂದು ಸಾಲು ಬರೆ.