ಬಿಟ್ಟಿ ಎಂಬ ಮಾತು

ದೊಡ್ಡಬಳ್ಳಾಪುರ
ಸೋಮವಾರ

ಚಿ. ಸೌ. ವಾಣಿಶ್ರೀಗೆ,

ನಿನ್ನ ಹಣೆಯ ಹೊಲಿಗೆ ಬಿಚ್ಚಿದರೆಂದು ನಿಮ್ಮಪ್ಪ ಹೇಳಿದರು. ಇಲ್ಲಿಯ ವಿಷಯ ಕೇಳು.

ಸೀರೆಯ ಡಿಸೈನ್ ಬರೆಯಲು ಎಲ್ಲರಿಗೂ ಕಾಸಿಲ್ಲದೆ ಮುಕ್ತವಾಗಿ ಸಿಗುವ ಸಾಫ್ಟ್‌ವೇರೇ ಸಾಕೆಂದು ನೀನು ಅಂದದ್ದು ತಪ್ಪಲ್ಲ. "ಬಿಟ್ಟಿ ಸಿಕ್ಕಿದ್ದನ್ನೆಲ್ಲ ತಂದು ನನ್ ಮಗ್ಗಕ್ಕೆ ಸುರೀತೀಯೇನೇ?" ಎಂದು ನಿನ್ನನ್ನು ಕಟ್ಟಿಕೊಂಡ ನನ್ನ ಮಗ ಅನಿಲ ನಿನ್ನ ತಲೆಯನ್ನು ಕಂಪ್ಯೂಟರಿಗೆ ಅಪ್ಪಳಿಸಿದ. ನಿನಗೆ ಪ್ರಜ್ಞೆ ತಪ್ಪಿದ ಮೇಲೂ ಒದೆಯುತ್ತಿದ್ದ. ನಾನು ಮಗ್ಗದ ಲಾಳಿ ತೆಗೆದುಕೊಂಡು ಅವನ ಬಲಗೈಗೆ ಮೂಳೆ ಮುರಿಯುವವರೆಗೂ ಹೊಡೆದೆ. ಪೊಲೀಸರು ಕೇಳಿದರೆ ಅತ್ತೆಯನ್ನು ಉಳಿಸಲು ಸುಳ್ಳು ಹೇಳಬೇಡ. ಅವನೀಗ ಅರಿಶಿನಕುಂಟೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾನೆ. ಈ ಹೊಸ್ತಿಲು ತುಳಿದರೆ ಎಡಗೈಯೂ ಉಳಿಯುವುದಿಲ್ಲ.

ಕಂಪ್ಯೂಟರ್ ಚೂರಾಯಿತು. ಆದರೂ ಪೆನ್‌ಡ್ರೈವಿನಲ್ಲಿದ್ದ, ನೀನು ಬರೆದ ನವಿಲಿನ ಅಂಚು ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ತೆರೆಯಿತು. ಅನಿಲ ಬಯಸಿದ ದುಬಾರಿ ಸಾಫ್ಟ್‌ವೇರಿನಲ್ಲಿ ಬರೆದಿದ್ದರೆ ಅದನ್ನು ಕೊಂಡವರಿಗಷ್ಟೇ ಕೊಡುವ ಕೀ ಇಲ್ಲದೆ ತೆರೆಯುತ್ತಿರಲಿಲ್ಲವಂತೆ. ಈಗ ನವಿಲು ಮಗ್ಗದ ಮೇಲಿದೆ. ಕೊರಳಿನ ಬಳಿ ಎಳೆ ತಪ್ಪುತ್ತಿದೆ, ಸರಿಮಾಡುವುದು ನನಗೆ ತಿಳಿಯದು.

ಬಿಟ್ಟಿ ಎಂಬ ಮಾತನ್ನು ಅವನ ಬಾಯಿಗೆ ಹಾಕಿದವಳು ನಾನು. ಒಂಬತ್ತು ವರ್ಷ ನಿನ್ನನ್ನು ಬಿಟ್ಟಿ ದುಡಿಸಿಕೊಂಡ ಮನೆಯಲ್ಲಿ ಆ ಮಾತು ಹುಟ್ಟಬಾರದಿತ್ತು.

ಹೊಸ ಕಂಪ್ಯೂಟರ್ ತರಿಸಿದ್ದೇನೆ. ಬಂದರೆ ಮೊದಲು ಕೂಲಿ ಮಾತಾಡು, ಆಮೇಲೆ ಅದನ್ನು ಮುಟ್ಟು.

ನಿನ್ನ ಅತ್ತೆ,
ಚೌಡಮ್ಮ