ನಮ್ಮ ಗೋಲ್‌ಕೀಪರ್ ಹುಡುಗಿಯ ಉದ್ಧಾರ

ಮಕ್ಕಳ ಫುಟ್ಬಾಲ್ ಲೀಗಿನ ಮಾನ್ಯ ಅಧ್ಯಕ್ಷರೇ,

ಹನ್ನೆರಡು ವರ್ಷದ ನನ್ನ ಮಗಳು ರೊಮಿನಾಳನ್ನು ನೀವು ಆಟದಿಂದ ಹೊರಗೆ ಹಾಕಿದ್ದೀರಿ. ಹೊರಗೆ ಹಾಕಿದ್ದು ಎಂದು ನೀವು ಕರೆಯುವುದಿಲ್ಲ. ನಿಮ್ಮ ಸುತ್ತೋಲೆಯಲ್ಲಿ ಅದಕ್ಕೆ 'ಬಾಲಕಿಯರಿಗೆ ಸ್ವತಂತ್ರ ವೇದಿಕೆ' ಎಂಬ ಚಂದದ ಹೆಸರಿದೆ. ಈ ವರ್ಷದಿಂದ ಹುಡುಗಿಯರು ಹುಡುಗರ ತಂಡದಲ್ಲಿ ಆಡುವಂತಿಲ್ಲ, ಅವರಿಗೆ ಅವರದೇ ತಂಡಗಳು. ಓದುವುದಕ್ಕೆ ಎಷ್ಟು ಹಿತವಾಗಿದೆ! ಮೊದಲ ಸಲ ಓದಿದಾಗ, ಅಂತೂ ಲೀಗಿಗೆ ಬುದ್ಧಿ ಬಂತು ಎಂದು ನಾನೇ ಹೆಂಡತಿಗೆ ಹೇಳಿದ್ದೆ. ಆಮೇಲೆ ಯೋಚನೆ ಮಾಡಿದೆವು. ನಮ್ಮ ಪಾಸೋ ಹೊಂದೋ ಊರಿನಲ್ಲಿ ಫುಟ್ಬಾಲ್ ಆಡುವ ಹುಡುಗಿಯರು ಇಬ್ಬರೇ. ಇನ್ನೊಬ್ಬಳಿಗೆ ಆರು ವರ್ಷ. ಅವಳು ಆಟದ ಅರ್ಧ ಹೊತ್ತು ಕೂತು ಹುಲ್ಲು ಕೀಳುತ್ತಾಳೆ. ನಿಮ್ಮ ಸ್ವತಂತ್ರ ವೇದಿಕೆಯ ಮೇಲೆ ಇವರಿಬ್ಬರು ಯಾರ ವಿರುದ್ಧ ಆಡಬೇಕು ಸ್ವಾಮಿ? ಹುಡುಗಿಯರ ತಂಡ ಇರುವುದು ಜಿಲ್ಲಾ ಕೇಂದ್ರದಲ್ಲಿ. ಶನಿವಾರದ ಬಸ್ಸು ಅಲ್ಲಿಗೆ ತಲುಪುವ ಹೊತ್ತಿಗೆ ಅವರ ಪಂದ್ಯ ಮುಗಿದು ಬಲೆ ಮಡಚಿರುತ್ತಾರೆ. ಇದು ತಮಗೆ ತಿಳಿದಿರಲಾರದು, ತಾವು ಕಾರಿನಲ್ಲಿ ಓಡಾಡುವವರು.

ನಾನು ಹೇಗೆ ತರಬೇತುದಾರನಾದೆ ಎಂದು ತಿಳಿದರೆ ತಮ್ಮ ತಾಂತ್ರಿಕ ಸಮಿತಿಗೆ ಬೇಸರವಾದೀತು. ನಾನು ಪಂಕ್ಚರ್ ಹಾಕುವವನು. ನಮ್ಮೂರ ತಾಬ್ಲಾದಾ ಕ್ಲಬ್ಬಿಗೆ ಮಗಳನ್ನು ಸೇರಿಸಿದ ವರ್ಷ, ಒಂದು ಲಾರಿ ಟೈರಿನ ದೆಸೆಯಿಂದ ಪಾಲಕರ ಸಭೆಗೆ ತಡವಾಗಿ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು.

"ಬಾರಪ್ಪಾ ವಿಲ್ಮಾರ್, ನೀನೇ ನಮ್ಮ ಕೋಚು!"

"ನಂಗೆಲ್ಲಿ ಫುಟ್ಬಾಲ್ ಬರತ್ರೋ?"

"ನಮಗೂ ಬರಲ್ಲ. ಆದ್ರೆ ನಾವು ಟೈಮಿಗೆ ಬಂದಿದೀವಿ."

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಮೈದಾನದಿಂದ ಪಕ್ಕದ ಮನೆಯ ಕುದುರೆಯನ್ನು ಓಡಿಸಿ, ಅದು ಬಿಟ್ಟುಹೋದದ್ದನ್ನು ಬಾಚಿ, ಸುಣ್ಣದ ಗೆರೆ ಎಳೆಯುವವನು ನಾನೇ. ಅಂಗಿಗಳನ್ನು ಒಗೆಯುವವಳು ನನ್ನ ಹೆಂಡತಿ. ಇದಕ್ಕೆ ಕೃತಜ್ಞತೆ ಬೇಡ. ಸ್ವಂತ ಮಗುವಿಗೆ ತರಬೇತಿ ಕೊಡುವುದು ಎಂದರೇನು ಎಂಬುದಷ್ಟೇ ತಮಗೆ ಗೊತ್ತಾಗಲಿ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು, ಸೋರೆಬುರುಡೆಯಿಂದ ಮಾಟೆ ಕಷಾಯ ಹೀರುತ್ತಾ ಗೆರೆಯಾಚೆ ನಿಲ್ಲುವ ಅಪ್ಪಂದಿರು ನೋಡುವುದು ಒಂದನ್ನೇ: ಕೋಚಿನ ಮಗಳಿಗೆ ಎಷ್ಟು ಹೊತ್ತು ಆಟ ಸಿಕ್ಕಿತು? ಅದಕ್ಕೇ ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿದೆವು. ಮೈದಾನದಲ್ಲಿ ನಾನು ಅಪ್ಪನಲ್ಲ. ಉಳಿದ ಮಕ್ಕಳಂತೆ ಅವಳೂ ನನ್ನನ್ನು 'ಪ್ರೊಫೆ', ಅಂದರೆ ಮೇಷ್ಟ್ರೇ, ಎನ್ನಬೇಕು. ಬೇರೆ ಮಕ್ಕಳು ತಪ್ಪು ಮಾಡಿದರೆ ಬೆನ್ನು ತಟ್ಟುತ್ತಿದ್ದೆ, ಇವಳು ಮಾಡಿದರೆ ಗದರುತ್ತಿದ್ದೆ. ಅವಳು ಒಂದು ದಿನವೂ ಗೊಣಗಲಿಲ್ಲ. ಗೋಲ್ ಕಾಯಲು ಯಾವ ಹುಡುಗನೂ ಒಪ್ಪದಿದ್ದಾಗ ಇವಳನ್ನು ನಿಲ್ಲಿಸಿದೆ, ಏಕೆಂದರೆ ಎದುರು ತಂಡದ ತಾಯಂದಿರ ಬೈಗುಳವೆಲ್ಲ ಬೀಳುವುದು ಅಲ್ಲಿಗೇ, ಅಲ್ಲಿ ನಿಲ್ಲಿಸಿದರೆ ಯಾರೂ ಪಕ್ಷಪಾತ ಎನ್ನಲಾರರು. ಅಲ್ಲೇ ಅವಳು ಬೆಳೆದಳು. ಈ ಭಾಗದಲ್ಲಿ ಅವಳಂಥ ಕೀಪರ್ ಇನ್ನೊಬ್ಬರಿಲ್ಲ. ಅಪ್ಪನಾಗಿ ಹೇಳುತ್ತಿದ್ದೇನೆ, ಬೇಕಾದರೆ ನಗಿ.

ಹದಿಮೂರು ತುಂಬಿದರೆ ನಿಮ್ಮ ಲೀಗಿನಿಂದ ಎಲ್ಲ ಮಕ್ಕಳೂ ಹೊರಗೇ. ಅವಳಿಗೆ ಉಳಿದಿದ್ದುದು ಈ ಒಂದು ವರ್ಷ. ಒಂದು ವರ್ಷ ಒಬ್ಬಳಿಗೆ ವಿನಾಯಿತಿ ಕೊಟ್ಟಿದ್ದರೆ ಯಾವ ಆಕಾಶ ಕಳಚಿ ಬೀಳುತ್ತಿತ್ತು? ಅದನ್ನು ಕೇಳಲೆಂದೇ ಅವಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಕಾರ್ಯದರ್ಶಿ ಬಹಳ ಸೌಮ್ಯವಾಗಿ ಮಾತಾಡಿದರು.

"ಈ ನಿಯಮ ಹುಡುಗೀರ ಒಳ್ಳೇದಕ್ಕೇ ಮಾಡಿರೋದು ಪುಟ್ಟಾ."

"ಯಾವ ಹುಡುಗೀರು?" ಎಂದಳು ರೊಮಿನಾ.

"ಎಲ್ಲಾ ಹುಡುಗೀರು."

"ಮತ್ತೆ ನಾನು?"

ಅವರು ಮೇಜಿನ ಖಾನೆಯಿಂದ ಒಂದು ಮಿಠಾಯಿ ತೆಗೆದು ಕೊಟ್ಟರು. ತಮ್ಮ ಲೀಗಿನಿಂದ ನಮಗೆ ಸಿಕ್ಕ ಉತ್ತರ ಅದೊಂದೇ.

ಅವಳಿಲ್ಲದೆ ಮೊದಲ ಪಂದ್ಯ ಆಡಿದೆವು. ಗೋಲಿನಲ್ಲಿ ಬ್ರೂನೋನನ್ನು ನಿಲ್ಲಿಸಿದೆ. ಒಳ್ಳೆಯ ಹುಡುಗ, ಆದರೆ ಚೆಂಡು ಬಂದರೆ ಕಣ್ಣು ಮುಚ್ಚುತ್ತಾನೆ. ಕಣ್ಣು ಬಿಡುವಷ್ಟರಲ್ಲಿ ನಾಲ್ಕು ಗೋಲು ಆಗಿಹೋಗಿದ್ದವು. ಮೂಗಿನಿಂದ ನೀರಿಳಿಸುತ್ತಾ ಅಳುತ್ತಿದ್ದ. ಆಗ ರೊಮಿನಾ ಕ್ಯಾಂಟೀನಿನ ಕಡೆಯಿಂದ ಬಂದು ಬಲೆಯ ಹಿಂದೆ ನಿಂತಳು.

"ಬ್ರೂನೋ, ಅಳ್ಬೇಡ್ವೋ. ಬಾಲ್ ನೋಡ್ಬೇಡ, ಅವನ ಕಾಲ್ ನೋಡು. ಈಗ ಎಡಕ್ಕೆ ಹೊಡೀತಾನೆ, ಹೋಗೋ, ಹೋಗು!"

ಬ್ರೂನೋ ಹೋದ. ಚೆಂಡು ಅವನ ಹೊಟ್ಟೆಗೆ ಬಡಿದು ಆಚೆ ಹೋಯಿತು. ಮತ್ತೊಂದನ್ನು ಕಾಲಿನಿಂದ ತಡೆದ. ಅವನು ನಕ್ಕಿದ್ದನ್ನು ಅಂದು ಮೊದಲ ಸಲ ನೋಡಿದೆ. ಅಷ್ಟರಲ್ಲಿ ರೆಫರಿ ದಾರ್ದೋ ಸೀಟಿ ಊದಿ ನನ್ನ ಹತ್ತಿರ ಬಂದ. ಅವನ ಸ್ಕೂಟರಿನ ಟೈರುಗಳೆಲ್ಲ ನನ್ನ ಕೈ ದಾಟಿದಂಥವೇ.

"ವಿಲ್ಮಾರ್, ಬಲೆ ಹಿಂದೆ ನಿಂತಿರೋಳನ್ನ ಕಳಿಸು ಮಾರಾಯಾ. ಹೊರಗಿನವರು ಆಟ ಹೇಳ್ಕೊಡೋ ಹಾಗಿಲ್ಲ."

"ಹೊರಗಿನವಳಾ? ನನ್ನ ಮಗಳು ಕಣೋ. ಸುಮ್ನೆ ನಿಂತಿದಾಳೆ."

"ಸುಮ್ನೇನಾ? ಅವಳು ಬಂದ ಮೇಲೇನೇ ಆ ಹುಡುಗ ಎರಡು ಬಾಲ್ ತಡೆದಿದ್ದು! ಅವರ ಕೋಚು ಆಗ್ಲೇ ದೂರು ಕೊಟ್ಟಿದಾನೆ. ನಾನು ಕಳ್ಸೋ ಹಾಗಿಲ್ಲ, ಕೋಚೇ ಕಳಿಸ್ಬೇಕು. ಇಲ್ಲಾಂದ್ರೆ ಪಂದ್ಯ ನಿಲ್ಲಿಸ್ಬೇಕಾಗತ್ತೆ."

ಅಧ್ಯಕ್ಷರೇ, ಈ ನಿಯಮ ಬರೆದವರು ಯಾರು? ಅವರಿಗೆ ಮಕ್ಕಳಿದ್ದಾರೆಯೇ? ಪಂದ್ಯ ನಿಂತರೆ ನಮ್ಮ ತಂಡದ ಏಳೂ ಮಕ್ಕಳ ಶನಿವಾರ ಹಾಳು. ನಾನು ಮೈದಾನದ ಉದ್ದಕ್ಕೂ ನಡೆದು ಹೋದೆ. ನನ್ನ ಮುಖ ನೋಡಿ ಅವಳಿಗೇ ಗೊತ್ತಾಯಿತು.

"ಹೋಗ್ಬೇಕಾ, ಪ್ರೊಫೆ?" ಎಂದಳು.

ಹೋಗಬೇಕು ಎಂದೆ. ಅವಳು ಹೋದಳು. ಇದನ್ನು ಬರೆಯಲು ತಮ್ಮ ಅರ್ಜಿ ನಮೂನೆಯಲ್ಲಿ ಜಾಗವಿಲ್ಲ. ಪಂದ್ಯ ಸೋತೆವು. ಎಷ್ಟು ಗೋಲಿನಿಂದ ಎಂದು ಕೇಳಬೇಡಿ. ಅದಾದ ಮೇಲೆ ಅವಳು ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ಶನಿವಾರ ಎದ್ದ ಕೂಡಲೇ, ತನಗೆ ಹೊಟ್ಟೆನೋವು ಎನ್ನುತ್ತಾಳೆ. ನಾನು ಊರವರ ಮಕ್ಕಳಿಗೆ ಆಟ ಹೇಳಿಕೊಡಲು ಹೊರಡುತ್ತೇನೆ.

ಈ ಕೋಚ್ ಕೆಲಸ ಬಿಟ್ಟುಬಿಡು ಎಂದು ಹೆಂಡತಿ ಹೇಳುತ್ತಾಳೆ. ಬಿಟ್ಟರೆ ಆ ಏಳು ಮಕ್ಕಳನ್ನು ನೋಡುವವರು ಯಾರು? ಈ ಸಲದ ಸಭೆಗೆ ಯಾರೂ ತಡವಾಗಿ ಬರಲಿಲ್ಲ.

ಇಷ್ಟನ್ನೂ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಕಳೆದ ವಾರ ತಮ್ಮ ಕಚೇರಿಯಿಂದ ಒಂದು ಪೋಸ್ಟರ್ ಬಂತು. 'ಹುಡುಗಿಯರೇ ಬನ್ನಿ, ಮೈದಾನ ನಿಮ್ಮದು' ಎಂದು ದೊಡ್ಡ ಅಕ್ಷರ. ಕೆಳಗೆ ಗಾಳಿಯಲ್ಲಿ ಅಡ್ಡಡ್ಡ ಹಾರಿರುವ ಒಬ್ಬ ಗೋಲ್‌ಕೀಪರ್ ಹುಡುಗಿ. ಅದು ರೊಮಿನಾ. ಹೋದ ವರ್ಷ ಯಾರೋ ತೆಗೆದ ಫೋಟೋ. ಹೆಸರು ಹಾಕಿಲ್ಲ, ನಮ್ಮನ್ನು ಕೇಳಿಯೂ ಇಲ್ಲ. ಬ್ರೆಡ್ಡು ತರಲು ಹೋದವಳು ಅಂಗಡಿಯ ಗೋಡೆಯ ಮೇಲೆ ಅದನ್ನು ಕಂಡಳಂತೆ. ಅಂಗಡಿಯಾಕೆ ನೆಲ್ಬಾ ಹಿಗ್ಗಿಹೋಗಿ, "ನೋಡೇ, ಎಷ್ಟು ಚೆನ್ನಾಗಿ ಬಂದಿದೀಯ! ಇನ್ನು ನಿನ್ನ ಹಿಡಿಯೋರಿಲ್ಲ ಬಿಡು" ಎಂದಿದ್ದಾಳೆ. ಇವಳು ಸ್ವಲ್ಪ ಹೊತ್ತು ನೋಡಿ, "ಅದು ಗೋಲಾಯ್ತು ನೆಲ್ಬಾ, ಬಾಲ್ ಸಿಗಲಿಲ್ಲ ನಂಗೆ" ಎಂದು ಹೇಳಿ ಬ್ರೆಡ್ಡು ತೆಗೆದುಕೊಂಡು ಬಂದಳಂತೆ. ಇದನ್ನು ನನಗೆ ಹೇಳಿದವಳು ನೆಲ್ಬಾ.

ಆದ್ದರಿಂದ ನನ್ನ ಬೇಡಿಕೆ. ಮಗಳನ್ನು ಆಟಕ್ಕೆ ಸೇರಿಸಿ ಎಂದು ಕೇಳುವುದಿಲ್ಲ. ವರ್ಷ ಮುಗಿಯುತ್ತ ಬಂದಿದೆ, ತಾವು ಸೇರಿಸುವುದೂ ಇಲ್ಲ. ನಿಯಮ ಬದಲಿಸಿ ಎಂದೂ ಕೇಳುವುದಿಲ್ಲ. ಬದಲಿಸುವ ಹೊತ್ತಿಗೆ ಆ ಹುಲ್ಲು ಕೀಳುವ ಮಗುವಿಗೂ ಹದಿಮೂರು ತುಂಬಿರುತ್ತದೆ. ಆ ಪೋಸ್ಟರುಗಳನ್ನು ತೆಗೆಸಿ, ಅಷ್ಟೇ ಸಾಕು. ಮೊದಲು ನಮ್ಮೂರಿನದನ್ನು ತೆಗೆಸಿ. ಅವಳು ದಿನಾ ಬ್ರೆಡ್ಡು ತರಬೇಕು.

ಇಂತಿ,
ರೆಫರಿ ಹೇಳಿದ ಮಾತಿಗೆ ಮಗಳನ್ನು ಬಲೆಯ ಹಿಂದಿನಿಂದ ಆಚೆ ಕಳಿಸಿದ ವಿಧೇಯ ಪ್ರೊಫೆ,
ವಿಲ್ಮಾರ್ ತೆಚೆರಾ
ತಾಬ್ಲಾದಾ ಕ್ಲಬ್, ಪಾಸೋ ಹೊಂದೋ